ಹಿತ್ತಲದ ಮಂದಿಗೆ ಗಿಡದ ಪುಸ್ತಕ ಬರೆಯುವುದು ಹೇಗೆ

“ಅಕ್ಕಾರ, ನೀವು ಬರದಂಗ ಮಾಡೇನ್ರಿ. ಒಂದ ಬೀಜಾನೂ ನಾಟಿಲ್ಲ ನೋಡ್ರಿ.”

ಧಾರವಾಡದ ನಮ್ಮ ಓಣಿಯ ತುದಿಮನೆಯವರು ಪ್ಲಾಸ್ಟಿಕ್ ಟಬ್ಬೊಂದನ್ನು ಎತ್ತಿಕೊಂಡು ಬಂದು ನಮ್ಮ ಕಟ್ಟೆಯ ಮೇಲೆ ಇಟ್ಟರು. ಕೊತಂಬರಿ ಹಾಕಿದ ಟಬ್ಬು. ಕೈತೋಟದ ಬಗ್ಗೆ ನಾನು ಬರೆದ ಮೊದಲ ಪುಸ್ತಕದ ಕರಡನ್ನು ಹದಿನೈದು ದಿನದ ಹಿಂದೆ ಅವರಿಗೆ ಓದಲು ಕೊಟ್ಟಿದ್ದೆ. ಬೆರಳಿನಿಂದ ಮಣ್ಣು ಕೆದರಿ ನೋಡಿದೆ. ಬೀಜ ಒಡೆಯದೆ ಇಡಿಯಾಗಿಯೇ ಇದ್ದವು. ನಾಲ್ಕಾರು ಕಾಳು ಮಾತ್ರ ಉಬ್ಬಿ, ಮೊಳಕೆಯ ಬಿಳಿ ತುದಿ ಆಗಷ್ಟೇ ಇಣುಕುತ್ತಿತ್ತು. ಹಾಕಿ ಎಷ್ಟು ದಿನವಾಯಿತು ಎಂದು ಕೇಳಿದರೆ, ಆರು. ಕೊತಂಬರಿ ಹುಟ್ಟಲು ಎಂಟರಿಂದ ಹನ್ನೆರಡು ದಿನ ಬೇಕು. ಆ ಮಾತು ನನ್ನ ಕರಡಿನಲ್ಲಿ ಇತ್ತು, ಆದರೆ ಕೊನೆಯ ಪುಟದ ಕೋಷ್ಟಕದಲ್ಲಿ. ಬೀಜವನ್ನು ಮೊದಲು ಒಡೆದು ಎರಡು ಹೋಳು ಮಾಡಬೇಕು ಎಂಬುದು ಎಲ್ಲಿಯೂ ಇರಲಿಲ್ಲ. ನಮ್ಮ ಅವ್ವ ಅದನ್ನು ಮಾಡುವುದನ್ನು ಸಣ್ಣಾಕೆಯಿದ್ದಾಗಿನಿಂದ ನೋಡಿದವಳು ನಾನು. ಅದನ್ನು ಯಾರಿಗಾದರೂ ಹೇಳಬೇಕಾದೀತು ಎಂದೇ ನನಗೆ ಹೊಳೆದಿರಲಿಲ್ಲ.

ಆ ಟಬ್ಬನ್ನು ನೋಡಿದ ಮೇಲೆ ಕರಡನ್ನು ಪೂರ್ತಿ ಬದಿಗಿಟ್ಟು ಮತ್ತೆ ಬರೆದೆ. ಸಂಶೋಧಕರಿಗೆ ಬರೆದ ಪುಸ್ತಕ ಗಿಡದ ಬಗ್ಗೆ ಏನೇನು ಗೊತ್ತಿದೆಯೋ ಅದನ್ನು ಕ್ರಮವಾಗಿ ಹೇಳುತ್ತದೆ. ಮನೆಮಂದಿಗೆ ಬರೆಯುವ ಪುಸ್ತಕಕ್ಕೆ ಬೇರೆ ಕೆಲಸವಿದೆ: ಅವರು ಎಡವುವ ಜಾಗಕ್ಕೆ ಅವರಿಗಿಂತ ಒಂದು ಹೆಜ್ಜೆ ಮೊದಲು ಹೋಗಿ ನಿಂತು ಕೈ ಹಿಡಿಯಬೇಕು. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಸೀಮೆಯಲ್ಲಿ ಗಿಡ ಬೆಳೆಸಿ ಅನುಭವವಿದ್ದು, ಅದನ್ನು ಪುಸ್ತಕ ಮಾಡಬೇಕೆಂಬ ಆಸೆಯಿರುವವರಿಗಾಗಿ ನಾನು ಕಲಿತದ್ದನ್ನು ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ.

ಹಂತ 1: ಒಬ್ಬರ ಹಿತ್ತಲವನ್ನು ಆರಿಸಿಕೊಳ್ಳಿ

“ಎಲ್ಲ ತೋಟಪ್ರಿಯರಿಗಾಗಿ” ಎಂದು ಬರೆಯಲು ಕೂತರೆ ಮೊದಲ ಪುಟದಲ್ಲೇ ಕೈಕಟ್ಟಿದಂತಾಗುತ್ತದೆ. ಹುಬ್ಬಳ್ಳಿಯಿಂದ ಗದಗಿಗೆ ಅರವತ್ತು ಕಿಲೋಮೀಟರೂ ಇಲ್ಲ. ಅಷ್ಟರಲ್ಲೇ ಮಣ್ಣು ಬೇರೆ, ಮಳೆ ಬೇರೆ. ಧಾರವಾಡ ಜಿಲ್ಲೆಯ ಪಶ್ಚಿಮಕ್ಕೆ, ಕಲಘಟಗಿ ಕಡೆಗೆ ಮಸಾರಿ, ಅಂದರೆ ಕೆಂಪು ಮಣ್ಣು. ಅಣ್ಣಿಗೇರಿ, ನವಲಗುಂದ, ರೋಣ ದಾಟಿದರೆ ಕಣ್ಣು ಹಾಯುವಷ್ಟು ದೂರ ಎರೆ, ಅಂದರೆ ಕಪ್ಪು ಮಣ್ಣು. ಧಾರವಾಡಕ್ಕೆ ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ ಬಿದ್ದರೆ ಗದಗಿಗೆ 600ರ ಆಸುಪಾಸು. ಹಾವೇರಿ ಜಿಲ್ಲೆಯಂತೂ ಒಂದರಲ್ಲೇ ಎರಡು: ಹಾನಗಲ್ಲು ಮಲೆನಾಡಿನ ಸೆರಗು, ರಾಣೆಬೆನ್ನೂರು ಬಯಲು.

ಇದು ಕುಂಡದೊಳಗೆ ಏನು ಮಾಡುತ್ತದೆ ನೋಡಿ. ಎರೆ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಹೊಲದಲ್ಲಾದರೆ ಬಿರುಕು ಬಿಡುತ್ತದೆ. ಕುಂಡದಲ್ಲಿ ಇಡೀ ಮಣ್ಣಿನ ಹೆಂಟೆ ಒಳಕ್ಕೆ ಸೆಳೆದುಕೊಂಡು, ಕುಂಡದ ಗೋಡೆಗೂ ಮಣ್ಣಿಗೂ ನಡುವೆ ಸುತ್ತಲೂ ಒಂದು ಸಂದಿ ಬೀಳುತ್ತದೆ. ಮೇಲಿನಿಂದ ಸುರಿದ ನೀರು ಆ ಸಂದಿಯಲ್ಲಿ ಸರ್ರನೆ ಇಳಿದು ತಳದ ತೂತಿನಿಂದ ಹೊರಗೆ ಬರುತ್ತದೆ. ನೋಡಿದವರಿಗೆ “ನೀರು ಚೆನ್ನಾಗಿ ಕುಡಿಯಿತು” ಅನ್ನಿಸುತ್ತದೆ. ಬೇರಿನ ಹತ್ತಿರ ಮಣ್ಣು ಒಣಗಿಯೇ ಇರುತ್ತದೆ. ಕೆಂಪು ಮಣ್ಣಿನ ಊರಿನಲ್ಲಿ ಕೂತು ಬರೆದ ಪುಸ್ತಕದಲ್ಲಿ ಈ ಮಾತು ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಗದಗಿನ ಓದುಗರಿಗೆ ಬರೆಯುವವರು ಮಾತ್ರ ಇದನ್ನು ಮೊದಲ ಅಧ್ಯಾಯದಲ್ಲೇ ಹೇಳಬೇಕು: ಕುಂಡಕ್ಕೆ ಎರೆ ಮಣ್ಣು ಒಂದು ಪಾಲಾದರೆ ಮಸಾರಿ ಎರಡು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಎರಡು ಪಾಲು ಇರಲಿ, ಸಂದಿ ಬಿದ್ದಿದ್ದರೆ ಮೇಲ್ಮಣ್ಣು ಸಡಿಲಿಸಿ ಸಂದಿ ಮುಚ್ಚಿ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಎರಡು ಸಲ ನೀರು ಹಾಕಿ.

ಆದ್ದರಿಂದ ಬರೆಯುವ ಮೊದಲು ಒಬ್ಬ ಓದುಗರನ್ನು ಮನಸ್ಸಿನಲ್ಲಿ ಕೂಡ್ರಿಸಿಕೊಳ್ಳಿ. ಅವರ ಮನೆ ಎಲ್ಲಿ? ಹಿತ್ತಲವೋ, ಮಾಳಿಗೆಯೋ, ಬಾಲ್ಕನಿಯೋ? ಬಿಸಿಲು ಬೆಳಿಗ್ಗೆ ಬೀಳುತ್ತದೋ ಸಂಜೆಯೋ? ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ? ಐದಾರು ದಿನಕ್ಕೊಮ್ಮೆ ನೀರು ಬರುವ ಓಣಿಯವರಿಗೆ “ದಿನಾಲೂ ನೀರು ಹಾಕಿ” ಎಂದು ಬರೆದರೆ ಅವರು ಪುಸ್ತಕ ಮುಚ್ಚಿಡುತ್ತಾರೆ. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು ತೋಟಕ್ಕೆ ಸಾಕಾಗುವಂತೆ ಎಷ್ಟು ಕುಂಡ ಇಟ್ಟುಕೊಳ್ಳಬಹುದು ಎಂದು ಲೆಕ್ಕ ಹಾಕಿ ಕೊಟ್ಟರೆ ಆ ಪುಟದ ಮೂಲೆ ಮಡಚಿಟ್ಟುಕೊಳ್ಳುತ್ತಾರೆ.

ಹಂತ 2: ಬರೆಯುವ ಮೊದಲು ಒಂದು ವರ್ಷ ದಾಖಲೆ ಇಡಿ

ಹದಿನೈದರಿಂದ ಇಪ್ಪತ್ತು ಗಿಡ ಸಾಕು. ಅವುಗಳನ್ನು ನೀವೇ ಕನಿಷ್ಠ ಎರಡು ಹಂಗಾಮು ಬೆಳೆಸಿರಬೇಕು. ಬೆಳೆಸದ ಗಿಡದ ಬಗ್ಗೆ ಒಂದು ಸಾಲನ್ನೂ ಬರೆಯಬೇಡಿ. ಬೇರೆಡೆಯಿಂದ ಎತ್ತಿದ ಸಾಲು ಓದುಗರಿಗೆ ತಕ್ಷಣ ಗೊತ್ತಾಗುತ್ತದೆ, ಯಾಕೆಂದರೆ ಅದರಲ್ಲಿ ತಪ್ಪಿದ ಕಥೆ ಇರುವುದಿಲ್ಲ.

ನಮ್ಮ ಕಡೆಯ ಪುಸ್ತಕವಾದರೆ ನಮ್ಮ ಅಡುಗೆಮನೆಯ ಗಿಡಗಳೇ ಮೊದಲು ಬರಲಿ: ಮೆಂತ್ಯ, ಸಬ್ಬಸಗಿ, ರಾಜಗಿರಿ, ಪುಂಡಿ, ಕೊತಂಬರಿ, ಮೂಲಂಗಿ, ಮೆಣಸಿನಕಾಯಿ, ಬದನೆ, ಬೆಂಡೆ, ಚವಳಿಕಾಯಿ, ಹೀರೆ, ಸವತೆ, ನುಗ್ಗೆ, ಕರಿಬೇವು. ಹೂವಿನಲ್ಲಿ ದಾಸವಾಳ, ದುಂಡು ಮಲ್ಲಿಗೆ, ಸೇವಂತಿಗೆ. ಹಿತ್ತಲದಲ್ಲಿ ಜಾಗವಿದ್ದವರಿಗೆ ಒಂದು ಪೇರಲ. ಧಾರವಾಡದವರಿಗೆ ನವಲೂರಿನ ಪೇರಲ ಎಂದರೆ ಸಾಕು, ಬೇರೆ ವಿವರಣೆ ಬೇಡ.

ದಿನಚರಿಯಲ್ಲಿ ತಾರೀಖಿನ ಜೊತೆಗೆ ಮಳೆಯ ಹೆಸರನ್ನೂ ಬರೆಯಿರಿ. ರೋಹಿಣಿ ಮೇ 25ರ ಸುಮಾರಿಗೆ ಹೂಡುತ್ತದೆ, ಮಿರಗ ಜೂನ್ 7–8ಕ್ಕೆ, ಹಸ್ತ ಸೆಪ್ಟೆಂಬರ್ ಕೊನೆಯ ವಾರದಲ್ಲಿ, ಚಿತ್ತಿ ಅಕ್ಟೋಬರ್ 10ರ ಆಚೀಚೆ. “ಜೂನ್ ಎರಡನೇ ವಾರದಲ್ಲಿ ಬದನೆ ಅಗಿ (ಸಸಿ) ಹಚ್ಚಿ” ಎಂದರೆ ಒಬ್ಬರಿಗೆ ನೆನಪಿರುತ್ತದೆ, “ಮಿರಗ ಹೂಡಿದ ಮೇಲೆ ಎರಡು ಒಳ್ಳೆಯ ಮಳೆಯಾಗಲಿ, ಆಗ ಹಚ್ಚಿ” ಎಂದರೆ ಇನ್ನೊಬ್ಬರಿಗೆ. ಎರಡನ್ನೂ ಕೊಡಿ. ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ ಎಂದು ಹೇಳಿದ ಮಂದಿ ನಾವು. ಯಾವಾಗ ಬಿತ್ತಬೇಕು, ಬಿತ್ತಿದರೆ ಏನು ಸಿಗುತ್ತದೆ ಎರಡೂ ಆ ಒಂದು ಸಾಲಿನಲ್ಲಿವೆ. ನಿಮ್ಮ ಸಾಲುಗಳೂ ಆ ಅಳತೆಯಲ್ಲಿ ಇರಲಿ.

ಹಂತ 3: ವಿಜ್ಞಾನವನ್ನು ಕೇಳಿಕೊಂಡು ಬನ್ನಿ, ಹಾಗೇ ಸುರಿಯಬೇಡಿ

ಮನೆಮಂದಿಗೆ ಬರೆಯುವ ಪುಸ್ತಕದಲ್ಲಿ ವಿಜ್ಞಾನ ಬೇಡ ಎಂದು ತಿಳಿಯಬೇಡಿ. ತಪ್ಪು ಸಲಹೆ ಕೊಟ್ಟರೆ ಅವರ ಒಂದು ವರ್ಷವೇ ಹೋಗುತ್ತದೆ. ಧಾರವಾಡದಲ್ಲಿ 1986ರಿಂದ ಕೃಷಿ ವಿಶ್ವವಿದ್ಯಾಲಯವಿದೆ. ಗದಗಿನವರಿಗೆ ಹುಲಕೋಟಿಯ, ಹಾವೇರಿಯವರಿಗೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಹತ್ತಿರ. ನಿಮ್ಮ ಸಂದೇಹಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. “ಮೆಣಸಿನ ಗಿಡಕ್ಕೆ ಏನು ಮಾಡಬೇಕ್ರಿ” ಎಂದು ಕೇಳಿದರೆ ಕರಪತ್ರ ಸಿಗುತ್ತದೆ. ರೋಗ ಬಿದ್ದ ಟೊಂಗೆಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿದರೆ ಉತ್ತರ ಸಿಗುತ್ತದೆ.

ಕರಪತ್ರವನ್ನು ಪುಸ್ತಕಕ್ಕೆ ಇಳಿಸುವಾಗ ಎಚ್ಚರವಿರಲಿ. ಹೆಕ್ಟೇರಿಗೆ 25 ಟನ್ ಕೊಟ್ಟಿಗೆ ಗೊಬ್ಬರ ಎಂದು ಅದರಲ್ಲಿದ್ದರೆ ಲೆಕ್ಕ ಹೀಗೆ: ಒಂದು ಹೆಕ್ಟೇರಿಗೆ 10,000 ಚದರ ಮೀಟರು, ಅಂದರೆ ಚದರ ಮೀಟರಿಗೆ ಎರಡೂವರೆ ಕೆ.ಜಿ. ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲದ ಮಡಿಗೆ ಸುಮಾರು ಒಂಬತ್ತು ಕೆ.ಜಿ. ಅದನ್ನು ಬಕೆಟ್ಟಿಗೆ ತುಂಬಿ ತೂಗಿ ನೋಡಿದೆ. ಸ್ನಾನದ ಮನೆಯ ದೊಡ್ಡ ಬಕೆಟ್ಟಿಗೆ ಹೆಚ್ಚೂಕಡಿಮೆ ಒಂದು ಬಕೆಟ್ ಆಯಿತು. ಪುಸ್ತಕದಲ್ಲಿ “ಒಂದು ಮಡಿಗೆ ಒಂದು ದೊಡ್ಡ ಬಕೆಟ್” ಎಂದಷ್ಟೇ ಬರೆದೆ.

ಇದೇ ಲೆಕ್ಕವನ್ನು ಕುಂಡಕ್ಕೆ ಇಳಿಸಬೇಡಿ. 12 ಇಂಚಿನ ಕುಂಡದ ಬಾಯಿಯ ವಿಸ್ತೀರ್ಣಕ್ಕೆ ಲೆಕ್ಕ ಹಾಕಿದರೆ ಇನ್ನೂರು ಗ್ರಾಮೂ ಬರುವುದಿಲ್ಲ. ಅಷ್ಟು ಹಾಕಿ ಕೂತರೆ ಗಿಡ ಬಡಕಲಾಗುತ್ತದೆ. ಕುಂಡವೆಂದರೆ ಸಣ್ಣ ಹೊಲ ಎಂದು ತಿಳಿದು ನಾನು ಮಾಡಿದ ತಪ್ಪು ಇದು. ಹೊಲದಲ್ಲಿ ಬೇರು ಆಳಕ್ಕೆ ಹೋಗಿ ತಿನ್ನುವುದನ್ನು ಹುಡುಕಿಕೊಳ್ಳುತ್ತದೆ. ಕುಂಡದಲ್ಲಿ ಹೋಗಲು ಜಾಗವಿಲ್ಲ, ಹಾಕಿದ ಸಾರವೂ ನೀರಿನ ಜೊತೆ ತೂತಿನಿಂದ ಇಳಿದುಹೋಗುತ್ತದೆ. ಅದಕ್ಕೆ ತುಂಬುವಾಗಲೇ ಗೊಬ್ಬರ ಧಾರಾಳವಿರಬೇಕು, ಆಮೇಲೆ ಇಪ್ಪತ್ತು–ಇಪ್ಪತ್ತೈದು ದಿನಕ್ಕೊಮ್ಮೆ ಎರಡೆರಡು ಹಿಡಿ ಎರೆಹುಳು ಗೊಬ್ಬರ ಹಾಕುತ್ತಿರಬೇಕು.

ಯಾವ ವಿಜ್ಞಾನ ಇಟ್ಟುಕೊಳ್ಳಬೇಕು, ಯಾವುದು ಬಿಡಬೇಕು ಎಂಬುದಕ್ಕೆ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದು ಗೊತ್ತಾದರೆ ಓದುಗರ ಕೈ ಬೇರೆ ರೀತಿ ಕೆಲಸ ಮಾಡುತ್ತದೆಯೇ? ಹೈಬ್ರಿಡ್ ಬೀಜದ ಮಾತು ತೆಗೆದುಕೊಳ್ಳಿ. ರಾಣೆಬೆನ್ನೂರಿನ ಸುತ್ತಮುತ್ತ ರೈತರು ತರಕಾರಿಯ ಹೈಬ್ರಿಡ್ ಬೀಜ ಮಾಡುತ್ತಾರೆ. ಒಂದು ತಳಿಯ ಹೂವಿನ ಗಂಡುಭಾಗವನ್ನು ಕೈಯಿಂದ ತೆಗೆದು ಇನ್ನೊಂದು ತಳಿಯ ಪರಾಗ ತಾಗಿಸುತ್ತಾರೆ. ಹಾಗೆ ಬಂದ ಬೀಜ ಒಂದು ಬೆಳೆಗೆ ಮಾತ್ರ ಒಂದೇ ಗುಣ ಕೊಡುತ್ತದೆ. ಅದರ ಹಣ್ಣಿನಿಂದ ಬೀಜ ತೆಗೆದಿಟ್ಟು ಮುಂದಿನ ವರ್ಷ ಹಾಕಿದರೆ ಗಿಡಕ್ಕೊಂದು ಬಗೆ ಬರುತ್ತವೆ. ಜವಾರಿ, ಅಂದರೆ ಊರಿನ ಹಳೆಯ ತಳಿಯ ಬೀಜವನ್ನು ತೆಗೆದಿಡಬಹುದು. ಇದು ಗೊತ್ತಾದವರು ಬೀಜದ ಪ್ಯಾಕೆಟ್ ತಿರುಗಿಸಿ ಓದುತ್ತಾರೆ. ಇಂಥ ವಿಜ್ಞಾನಕ್ಕೆ ಅರ್ಧ ಪುಟ ಕೊಟ್ಟರೂ ನಷ್ಟವಿಲ್ಲ. ಕುಟುಂಬ, ಉಪಕುಟುಂಬ, ವರ್ಣತಂತುಗಳ ಸಂಖ್ಯೆ ಬೇಡ.

ಹಂತ 4: ಕೈಯ ಕ್ರಮದಲ್ಲಿ ಬರೆಯಿರಿ

ನನ್ನ ಮೊದಲ ಕರಡಿನ ಸಾಲು ಹೀಗಿತ್ತು:

“ಕೊತ್ತಂಬರಿ ಬೀಜವನ್ನು 1–1.5 ಸೆಂ.ಮೀ. ಆಳದಲ್ಲಿ ಬಿತ್ತಬೇಕು. ಮಣ್ಣಿನಲ್ಲಿ ಸೂಕ್ತ ತೇವಾಂಶವನ್ನು ಕಾಪಾಡಬೇಕು. ಬಿತ್ತಿದ 35–45 ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ.”

ಒಂದಕ್ಷರವೂ ಸುಳ್ಳಲ್ಲ. ಆದರೂ ಅದನ್ನು ಹಿಡಿದುಕೊಂಡು ಯಾರೂ ಕೊತಂಬರಿ ಬೆಳೆಯಲಾರರು. ಮತ್ತೆ ಬರೆದಾಗ ಹೀಗಾಯಿತು:

“ಎರಡು ಚಮಚ ಕೊತಂಬರಿ ಬೀಜವನ್ನು ಬಟ್ಟೆಯ ಮೇಲೆ ಹರವಿ ಲಟ್ಟಣಿಗೆಯನ್ನು ಹಗುರಾಗಿ ಉರುಳಿಸಿ. ಒಂದು ಕಾಳು ಎರಡು ಹೋಳಾದರೆ ಸಾಕು, ಪುಡಿಯಾಗಬಾರದು. ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಬಸಿಯಿರಿ. ಒಂದು ಗೇಣು ಆಳದ ಟಬ್ಬಿಗೆ ಮಣ್ಣು ತುಂಬಿ, ಅರ್ಧ ಇಂಚು ಆಳಕ್ಕೆ ಬೆರಳಿನಿಂದ ಗೀರು ಎಳೆಯಿರಿ. ಬೀಜ ಉದುರಿಸಿ ಮಣ್ಣು ಮುಚ್ಚಿ. ಕೈಯಿಂದ ನೀರು ಚಿಮುಕಿಸಿ. ಮಗ್ಗಿನಿಂದ ಸುರಿದರೆ ಬೀಜ ಒಂದು ಮೂಲೆಗೆ ಹರಿದುಹೋಗುತ್ತವೆ. ಇನ್ನು ಎಂಟು ದಿನ ಏನೂ ಕಾಣುವುದಿಲ್ಲ. ಹನ್ನೆರಡು ದಿನದವರೆಗೂ ಕಾಯಿರಿ, ಕೆದರಬೇಡಿ. ಮೊದಲು ಬರುವ ಎರಡು ಎಲೆ ಹುಲ್ಲಿನ ಗರಿಯಂತೆ ಉದ್ದಕ್ಕೆ ಇರುತ್ತವೆ. ಅದೇ ಕೊತಂಬರಿ. ಕಳೆ ಎಂದು ಕೀಳಬೇಡಿ.”

ಉದ್ದವಾಯಿತು, ನಿಜ. ಆದರೆ ಇದರಲ್ಲಿ ಪ್ರತಿ ಸಾಲೂ ಒಂದು ಕೆಲಸ, ಅಥವಾ ಆ ಕೆಲಸ ಕೆಡುವ ಜಾಗ. ಕಾಯುವ ದಿನಗಳ ಲೆಕ್ಕ ನೀರು ಚಿಮುಕಿಸಿದ ಸಾಲಿನ ಪಕ್ಕದಲ್ಲೇ ಇದೆ, ಯಾಕೆಂದರೆ ಓದುಗರಿಗೆ ಸಂಶಯ ಹುಟ್ಟುವುದು ಅಲ್ಲಿಯೇ.

ಕರಡು ಮುಗಿದ ಮೇಲೆ ಕೆಂಪು ಪೆನ್ನು ಹಿಡಿದು ಕೆಲವು ಶಬ್ದಗಳನ್ನು ಹುಡುಕಿ: ಸೂಕ್ತ, ಸಾಕಷ್ಟು, ಅಗತ್ಯಕ್ಕೆ ತಕ್ಕಂತೆ, ನಿಯಮಿತವಾಗಿ, ಕಾಲಕಾಲಕ್ಕೆ. ಇವು ಇರುವ ಕಡೆಯಲ್ಲೆಲ್ಲ ನೀವು ಏನನ್ನೋ ಹೇಳದೆ ದಾಟಿದ್ದೀರಿ. ಎಷ್ಟು ನೀರು “ಸೂಕ್ತ”? ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡಿ; ತಂಪು ಹತ್ತಿದರೆ ಬೇಡ, ಒಣಗಿದ್ದರೆ ತಳದಿಂದ ನೀರು ಬರುವವರೆಗೆ ಹಾಕಿ. ಈ ಒಂದು ಸಾಲು ಇಪ್ಪತ್ತು ಗಿಡಕ್ಕೂ ಸಾಕು.

ಅಳತೆಯ ಬಗ್ಗೆ ಒಂದು ಕಟ್ಟುನಿಟ್ಟು. ಗೊಬ್ಬರ, ಮಣ್ಣು, ಬೀಜಕ್ಕೆ ಹಿಡಿ, ಬೊಗಸೆ, ಚಮಚ ನಡೆಯುತ್ತದೆ. ಸಿಂಪಡಿಸುವ ಯಾವ ವಸ್ತುವಿಗೂ ನಡೆಯದು. ಬೇವಿನ ಎಣ್ಣೆ ಲೀಟರ್ ನೀರಿಗೆ 5 ಮಿ.ಲೀ. ಎಂದರೆ ಐದೇ, ಅಡುಗೆಮನೆಯ ಚಮಚಗಳು ಒಂದೊಂದು ಮನೆಯಲ್ಲಿ ಒಂದೊಂದು ಗಾತ್ರ. ಔಷಧದ ಸಿರಪ್ ಬಾಟಲಿಯ ಗೆರೆ ಇರುವ ಮುಚ್ಚಳ ಎಲ್ಲರ ಮನೆಯಲ್ಲೂ ಇರುತ್ತದೆ. ಅದನ್ನು ತೊಳೆದು ತೋಟಕ್ಕೆಂದೇ ಬೇರೆ ಇಡಲು, ಮತ್ತೆ ಮನೆಯೊಳಗೆ ತರದಿರಲು ಬರೆಯಿರಿ.

ಹಂತ 5: ರೋಗದ ಅಧ್ಯಾಯವನ್ನು ಕಣ್ಣಿನಿಂದ ಶುರು ಮಾಡಿ

ಪಠ್ಯಪುಸ್ತಕದಲ್ಲಿ ರೋಗದ ಹೆಸರು ಮೊದಲು, ಲಕ್ಷಣ ಆಮೇಲೆ. ನಿಮ್ಮ ಓದುಗರಿಗೆ ಹೆಸರು ಗೊತ್ತಿಲ್ಲ. ಗೊತ್ತಿದ್ದರೆ ಪುಸ್ತಕ ತೆಗೆಯುತ್ತಲೇ ಇರಲಿಲ್ಲ. ಅವರ ಹತ್ತಿರ ಇರುವುದು ಮುದುಡಿದ ಒಂದು ಎಲೆ. ಅದಕ್ಕೆ ಅಧ್ಯಾಯದ ಉಪಶೀರ್ಷಿಕೆಗಳು ಎಲೆಯ ಕಡೆಯಿಂದ ಬರಲಿ.

ಬ್ಯಾಡಗಿ ನಮ್ಮ ಸೀಮೆಯದು. ಇಲ್ಲಿ ಗಿಡ ಬೆಳೆಸುವವರು ಒಂದು ಕುಂಡದಲ್ಲಾದರೂ ಮೆಣಸಿನಕಾಯಿ ಹಚ್ಚಿಯೇ ಹಚ್ಚುತ್ತಾರೆ, ಹಚ್ಚಿದ ಮೇಲೆ ಎಲೆ ಮುದುಡಿಯೇ ಮುದುಡುತ್ತದೆ. ನಾನು ಹೀಗೆ ಬರೆದೆ: ಎಲೆಯ ಅಂಚು ಮೇಲಕ್ಕೆ ಎದ್ದು ದೋಣಿಯಂತೆ ಆಗಿದ್ದರೆ ಥ್ರಿಪ್ಸ್ ನುಸಿ, ಅಂಚು ಕೆಳಕ್ಕೆ ಬಾಗಿ ಮಗುಚಿದ ದೋಣಿಯಂತಿದ್ದರೆ ಮೈಟ್ ನುಸಿ. ಎಲೆ ಸಣ್ಣದಾಗಿ, ಹಳದಿ ಬೆರೆತು, ಇಡೀ ಗಿಡ ಗಿಡ್ಡಾಗಿ ಗುಂಪು ಕಟ್ಟಿದ್ದರೆ ಅದು ವೈರಸ್ಸಿನ ಮುಟುರು ರೋಗ. ಬಿಳಿನೊಣ ಅದನ್ನು ಒಂದು ಗಿಡದಿಂದ ಇನ್ನೊಂದಕ್ಕೆ ಒಯ್ಯುತ್ತದೆ. ಅದಕ್ಕೆ ಔಷಧವಿಲ್ಲ, ಕಿತ್ತು ಹೂಳಿ, ಉಳಿದ ಗಿಡಗಳನ್ನು ನೋಡಿಕೊಳ್ಳಿ. ಕಿತ್ತುಹಾಕಿ ಎಂದು ಬರೆಯಲು ಕೈ ಬರುವುದಿಲ್ಲ. ಆದರೂ ಬರೆಯಬೇಕು. ಇಲ್ಲದಿದ್ದರೆ ಓದುಗರು ವಾರಕ್ಕೊಂದು ಬಾಟಲಿ ಕೊಂಡು ತಂದು ಸುರಿಯುತ್ತಾರೆ.

ಹಳದಿ ಎಲೆಗೂ ಹಾಗೆಯೇ. ಹಳೆಯ ಎಲೆ, ಬುಡದ ಕಡೆಯದು ಮೊದಲು ಹಳದಿಯಾದರೆ ಸಾರಜನಕದ ಕೊರತೆ ಇರಬಹುದು. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಕಬ್ಬಿಣದ ಕೊರತೆ. ಸುಣ್ಣದಂಶ ಹೆಚ್ಚಿರುವ ಎರೆ ಮಣ್ಣಿನಲ್ಲಿ, ಬೋರಿನ ಸವಳು ನೀರು ಹಾಕುವವರ ಕುಂಡದಲ್ಲಿ ಇದು ಸಾಮಾನ್ಯ. ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟಿದೆಯೇ ನೋಡಲು ಹೇಳಿ. ಮಳೆಗಾಲದಲ್ಲಿ ಸೂರಿನ ನೀರು ಹಿಡಿದಿಟ್ಟು ಹಾಕಿದರೆ ಎಷ್ಟೋ ಸುಧಾರಿಸುತ್ತದೆ.

ಔಷಧ ಹೇಳುವಾಗ ಅಂಗಡಿಯ ಬ್ರ್ಯಾಂಡಿನ ಹೆಸರು ಬೇಡ, ಒಳಗಿರುವ ವಸ್ತುವಿನ ಹೆಸರು ಕೊಡಿ. ಸಿಂಪಡಿಸಿದ ಮೇಲೆ ಎಷ್ಟು ದಿನ ಕಾಯಿ ಕೊಯ್ಯಬಾರದು ಎಂಬುದು ಲೇಬಲ್ಲಿನಲ್ಲಿ ಇರುತ್ತದೆ. ಅದನ್ನು ಓದಿಯೇ ಮುಂದುವರಿಯಲು ಹೇಳಿ. ಮನೆಮಟ್ಟಿಗೆ ಬೇವಿನ ಬೀಜದ ಕಷಾಯವೇ ಮೊದಲು: 50 ಗ್ರಾಂ ಬೀಜದ ತಿರುಳಿನ ಪುಡಿ, ಒಂದು ಲೀಟರ್ ನೀರು, ಒಂದು ರಾತ್ರಿ ನೆನೆದು, ಬಟ್ಟೆಯಲ್ಲಿ ಸೋಸಿ, ಸಂಜೆ ಸಿಂಪಡಣೆ.

ಹಂತ 6: ಹೆಸರುಗಳನ್ನು ಸರಿ ಮಾಡಿಕೊಳ್ಳಿ

ನಮ್ಮ ಚವಳಿಕಾಯಿ ಮೈಸೂರು ಕಡೆಯವರಿಗೆ ಗೋರಿಕಾಯಿ. ನಮ್ಮ ಪೇರಲ ಅವರ ಸೀಬೆ, ನಮ್ಮ ಉಳ್ಳಾಗಡ್ಡಿ ಅವರ ಈರುಳ್ಳಿ. “ನಾಟಿ” ಎಂದರೆ ಅಲ್ಲಿ ಸಸಿ ನೆಡುವುದು. ಇಲ್ಲಿ ಬೀಜ “ನಾಟಿತು” ಎಂದರೆ ಹುಟ್ಟಿತು. ತುದಿಮನೆಯವರು ಹೇಳಿದ್ದೂ ಅದನ್ನೇ. ಪುಸ್ತಕ ಯಾವ ಸೀಮೆಯವರಿಗೋ ಆ ಸೀಮೆಯ ಹೆಸರು ಪಾಠದ ಒಳಗೆ ಬರಲಿ, ಉಳಿದ ಹೆಸರುಗಳೆಲ್ಲ ಕೊನೆಯ ಅಕಾರಾದಿಯಲ್ಲಿ. ಸಸ್ಯಶಾಸ್ತ್ರದ ಹೆಸರು ಅಲ್ಲಿ ಒಂದೇ ಸಲ. ಮಲ್ಲಿಗೆ ಎಂದರೆ ದುಂಡು ಮಲ್ಲಿಗೆಯೂ ಹೌದು, ಕಾಕಡವೂ ಹೌದು. ನರ್ಸರಿಯಲ್ಲಿ ಕೇಳುವಾಗ ಸಸ್ಯಶಾಸ್ತ್ರದ ಹೆಸರು ಉಪಯೋಗಕ್ಕೆ ಬರುತ್ತದೆ.

ಹಂತ 7: ಕರಡನ್ನು ಕೊಟ್ಟು ಬಾಯಿ ಮುಚ್ಚಿ ಕೂಡ್ರಿ

ಇಡೀ ಕೆಲಸದಲ್ಲಿ ಬಿಡಬಾರದ ಹಂತ ಇದು. ಗಿಡ ಹಚ್ಚಿ ಗೊತ್ತಿಲ್ಲದ ಮೂವರನ್ನು ಆರಿಸಿ, ಒಂದೊಂದು ಗಿಡದ ಎರಡು ಪುಟ, ಬೀಜ, ಮಣ್ಣು, ಕುಂಡ ಕೊಡಿ. ಪಕ್ಕದಲ್ಲಿ ಕೂತು ನೋಡಿ. ಏನು ಕೇಳಿದರೂ ಹೇಳಬೇಡಿ. ಕೇಳಿದ ಪ್ರಶ್ನೆಯನ್ನು ಬರೆದುಕೊಳ್ಳಿ.

ಒಬ್ಬ ಹುಡುಗ, ಕಾಲೇಜಿಗೆ ಹೋಗುವವನು, ಬದನೆ ಅಗಿಯನ್ನು ಪ್ಲಾಸ್ಟಿಕ್ ಕವರಿನ ಸಮೇತ ಕುಂಡಕ್ಕೆ ಇಟ್ಟು ಮಣ್ಣು ಮುಚ್ಚಿದ. ನನ್ನ ಪುಟದಲ್ಲಿ “ಸಸಿಯನ್ನು ಕುಂಡಕ್ಕೆ ವರ್ಗಾಯಿಸಿ” ಎಂದಿತ್ತು. ಅವನು ಬರೆದಂತೆಯೇ ಮಾಡಿದ್ದ. ಈಗ ಆ ಜಾಗದಲ್ಲಿ ಹೀಗಿದೆ: “ಕವರಿನ ಒಂದು ಬದಿಯನ್ನು ಬ್ಲೇಡಿನಿಂದ ಕೊಯ್ದು ತೆಗೆದುಹಾಕಿ. ಬೇರಿನ ಸುತ್ತಲಿನ ಮಣ್ಣಿನ ಗಡ್ಡೆ ಒಡೆಯದಂತೆ ಎರಡೂ ಕೈಯಲ್ಲಿ ಹಿಡಿದು ಇಡಿ.” ಇನ್ನೊಬ್ಬರು, ವಯಸ್ಸಾದವರು, ಪುಟವನ್ನು ದೂರ ಹಿಡಿದು ಓದಿದರು. ಮರುದಿನವೇ ಅಕ್ಷರದ ಗಾತ್ರ ಹೆಚ್ಚಿಸಿದೆ.

ಹಂತ 8: ಚಿತ್ರ ಮತ್ತು ಅಚ್ಚು

ಚಿತ್ರ ನಿಮ್ಮದೇ ಇರಲಿ. ಮೊಬೈಲಿನಲ್ಲಿ ಬೆಳಗಿನ ಬಿಸಿಲಿಗೆ ತೆಗೆದರೆ ಸಾಕು. ಬೇರೆಯವರ ಚಿತ್ರ ಎತ್ತಿ ಹಾಕುವುದು ಹಕ್ಕುಸ್ವಾಮ್ಯದ ತಪ್ಪು, ಜೊತೆಗೆ ಆ ಗಿಡ ನಿಮ್ಮ ಮಣ್ಣಿನದಲ್ಲ. ಪೂರ್ತಿ ಬೆಳೆದ ಗಿಡದ ಚಿತ್ರಕ್ಕಿಂತ ಮೊದಲ ಎರಡು ಎಲೆಯ ಚಿತ್ರ ಮುಖ್ಯ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟರೆ ಗಾತ್ರ ತಿಳಿಯುತ್ತದೆ. ಪುಸ್ತಕ ಕಪ್ಪು-ಬಿಳುಪಿನಲ್ಲಿ ಅಚ್ಚಾಗುವುದಾದರೆ ಫೋಟೋ ಮಸಿಯಾಗುತ್ತದೆ, ರೇಖಾಚಿತ್ರ ಬರೆಸಿ.

ಅಚ್ಚಿಗೆ ನಮ್ಮವರು ದೂರ ಹೋಗಬೇಕಾಗಿಲ್ಲ. ಗದಗನ್ನು ಮುದ್ರಣ ಕಾಶಿ ಎಂದು ಸುಮ್ಮನೆ ಕರೆದಿಲ್ಲ. ಡೆಮಿ 1/8 ಎಂಬ ಪುಸ್ತಕದ ಅಳತೆಯಲ್ಲಿ 16 ಪುಟಕ್ಕೊಂದು ಫಾರ್ಮು, ಅಂದರೆ ಒಟ್ಟಿಗೆ ಅಚ್ಚಾಗುವ ಪುಟಗಳ ಕಂತು. ಪುಟಗಳು 64, 80 ಹೀಗೆ ಹದಿನಾರರ ಲೆಕ್ಕಕ್ಕೆ ಕೂಡಿದರೆ ಕಾಗದ ವ್ಯರ್ಥವಾಗುವುದಿಲ್ಲ. ಇಪ್ಪತ್ತು ಗಿಡಕ್ಕೆ ಮೂರು ಮೂರು ಪುಟ, ಮಣ್ಣು-ನೀರು-ರೋಗಕ್ಕೆ ಹದಿನೈದು, ಅಕಾರಾದಿಗೆ ಐದು, 80 ಆಯಿತು. ಇಷ್ಟು ತೆಳುವಾದ ಪುಸ್ತಕಕ್ಕೆ ನಡುವೆ ಪಿನ್ ಹೊಡೆಯುವ ಬೈಂಡಿಂಗ್ ಮಾಡಿಸಿ. ಬೆನ್ನಿಗೆ ಅಂಟು ಹಾಕಿದ ಪುಸ್ತಕ ತೆರೆದಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ, ಓದುಗರ ಎರಡೂ ಕೈಗೆ ಮಣ್ಣು ಹತ್ತಿರುತ್ತದೆ. ರಕ್ಷಾಪುಟಕ್ಕೆ ಲ್ಯಾಮಿನೇಶನ್ ಬೇಕೇ ಬೇಕು.

ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ಬದಲಿಸಿದರೆ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಜಾರುತ್ತವೆ. ಅವು ಕಣ್ಣಿಗೆ ಬೀಳುತ್ತವೆ. ಅಂಕಿಯ ತಪ್ಪು ಬೀಳುವುದಿಲ್ಲ. ನನ್ನ ಕರಡಚ್ಚಿನಲ್ಲಿ ಒಂದು ಕಡೆ 5 ಮಿ.ಲೀ. 50 ಆಗಿತ್ತು. ಅಂದಿನಿಂದ ಅಂಕಿಗಳನ್ನಷ್ಟೇ ಹಿಡಿದುಕೊಂಡು ಬೇರೆಯಾಗಿ ಒಂದು ಸಲ ಓದುತ್ತೇನೆ, ಒಬ್ಬರು ಮೂಲ ಓದಬೇಕು, ಇನ್ನೊಬ್ಬರು ಅಚ್ಚು ನೋಡಬೇಕು.

ಪುಸ್ತಕದ ಗುರುತಿನ ಐಎಸ್‌ಬಿಎನ್ ಸಂಖ್ಯೆಗೆ ಹಣ ಕೊಡಬೇಡಿ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ, ಸ್ವಂತ ಪ್ರಕಟಿಸುವ ಲೇಖಕರೂ ಅರ್ಜಿ ಹಾಕಬಹುದು. 1954ರ ಕಾಯ್ದೆಯಂತೆ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಪ್ರತಿ ಕಳಿಸಬೇಕು. ಬಿಡುಗಡೆಗೆ ಮೇ ತಿಂಗಳು ಒಳ್ಳೆಯದು, ರೋಹಿಣಿ ಹೂಡುವ ಮೊದಲು ಪುಸ್ತಕ ಕೈಯಲ್ಲಿರಬೇಕು. ತಪ್ಪಿದರೆ ಧಾರವಾಡದ ಕೃಷಿ ಮೇಳ, ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ. ಹಿಂಗಾರಿ ಪಲ್ಯಕ್ಕೆ ಸರಿಹೋಗುತ್ತದೆ. ಪುಸ್ತಕದಂಗಡಿಗಿಂತ ನರ್ಸರಿಯ ಮೇಜಿನ ಮೇಲೆ ನನ್ನ ಪುಸ್ತಕ ಹೆಚ್ಚು ಹೋಯಿತು.

ಇನ್ನೊಂದು ಮಾತು. ಪ್ರತಿ ಗಿಡದ ಕೊನೆಗೆ ನಾಲ್ಕು ಗೆರೆ ಖಾಲಿ ಬಿಡಿ: ಬಿತ್ತಿದ ದಿನ, ಹುಟ್ಟಿದ ದಿನ, ಮೊದಲ ಕೊಯ್ಲು, ಏನಾಯಿತು. ವರ್ಷದ ನಂತರ ಓದುಗರ ಮನೆಗೆ ಹೋಗಿ ಆ ಗೆರೆಗಳನ್ನು ಓದಿ ಬನ್ನಿ. ತುದಿಮನೆಯವರ ಪ್ರತಿಯಲ್ಲಿ ಕೊತಂಬರಿಯ ಕೆಳಗೆ ಪೆನ್ಸಿಲಿನಲ್ಲಿ ಹೀಗಿತ್ತು: “ಹತ್ತನೇ ದಿವಸಕ್ಕ ನಾಟ್ಯಾವು. ಎರಡ ಚಮಚ ಭಾಳ ಆತು, ದಟ್ಟ ಆಗಿ ಕೊಳತು ಹೋತು. ಒಂದ ಸಾಕು.” ಎರಡನೇ ಮುದ್ರಣದಲ್ಲಿ ಒಂದು ಚಮಚ ಎಂದು ತಿದ್ದಿದ್ದೇನೆ.